ಸಿಎಸ್ ಮಕ್ಕಳಿಗೆ ಯೂನಿವರ್ಸಲ್ ಡಿಸೈನ್: ಆರು ಲ್ಯಾಬ್ ಸಿಕ್ಕಿದೆ, ಎಲ್ಲಿಂದ ಶುರು ಮಾಡಲಿ?

ಸವಳಂಗ ರಸ್ತೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಈ ಸೆಮಿಸ್ಟರ್‌ನಲ್ಲಿ ವೆಬ್ ಲ್ಯಾಬಿನ ಆರು ತರಗತಿಗಳನ್ನು ನನ್ನ ಇಷ್ಟಕ್ಕೆ ಬಿಟ್ಟಿದ್ದಾರೆ. ಒಂದೊಂದೂ ಎರಡು ಗಂಟೆ. ಅದನ್ನು ಯೂನಿವರ್ಸಲ್ ಡಿಸೈನ್‌ಗೆ, ಅಂದರೆ ಎಲ್ಲರಿಗೂ ಬಳಸಲು ಬರುವಂಥ ವಿನ್ಯಾಸ ಕಲಿಸುವುದಕ್ಕೆ, ಬಳಸೋಣ ಅಂದುಕೊಂಡಿದ್ದೇನೆ.

ಯಾಕೆ ಅಂತ ಹೇಳುತ್ತೇನೆ. ಹೋದ ವರ್ಷ ನಾಲ್ಕು ಹುಡುಗರ ತಂಡ ಅಡಿಕೆ ಧಾರಣೆ ತೋರಿಸುವ ಆ್ಯಪ್ ಮಾಡಿತ್ತು. ರಾಶಿ, ಬೆಟ್ಟೆ, ಗೊರಬಲು, ಸರಕು, ಎಲ್ಲಕ್ಕೂ ಒಂದೊಂದು ಸಾಲು. ದರ ಏರಿದರೆ ಸಂಖ್ಯೆ ಹಸಿರು, ಇಳಿದರೆ ಕೆಂಪು. ಚೆನ್ನಾಗಿಯೇ ಇತ್ತು, ನಾನೂ ಒಳ್ಳೆಯ ಮಾರ್ಕ್ಸ್ ಕೊಟ್ಟೆ. ಡೆಮೊ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಬಂದು ಮೆಲ್ಲಗೆ ಹೇಳಿದ: "ಸರ್, ನನಗೆ ಏರಿದ್ದು ಯಾವುದು, ಇಳಿದದ್ದು ಯಾವುದು ಗೊತ್ತೇ ಆಗಲಿಲ್ಲ." ಅವನಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಮೂರು ವರ್ಷ ನನ್ನ ಎದುರು ಕೂತಿದ್ದಾನೆ. ನಾನು ಕಪ್ಪು ಅಕ್ಷರದ ನಡುವೆ ಕೆಂಪು ಮಾರ್ಕರಿನಲ್ಲಿ ಬರೆದು 'ಕೆಂಪಲ್ಲಿರುವುದು ಪರೀಕ್ಷೆಗೆ ಬರುತ್ತದೆ' ಅಂತ ಹೇಳುತ್ತಲೇ ಇದ್ದೆ.

ರಾನ್ ಮೇಸ್ ಮತ್ತು ಜೊತೆಯವರು 1997ರಲ್ಲಿ ಹೇಳಿದ ಏಳು ತತ್ವಗಳ ಸ್ಲೈಡ್ ಮಾಡಿಟ್ಟಿದ್ದೇನೆ. ಎಲ್ಲರಿಗೂ ಸಮವಾಗಿ ದಕ್ಕಬೇಕು, ಹಲವು ರೀತಿಯಲ್ಲಿ ಬಳಸಲು ಬರಬೇಕು, ಸುಲಭವಾಗಿ ಅರ್ಥವಾಗಬೇಕು, ಮಾಹಿತಿ ಎದ್ದು ತಿಳಿಯಬೇಕು, ತಪ್ಪು ಮಾಡಿದರೆ ತಡೆದುಕೊಳ್ಳಬೇಕು, ಮೈಗೆ ಶ್ರಮ ಕಡಿಮೆ ಇರಬೇಕು, ಹತ್ತಿರ ಬಂದು ಬಳಸಲು ಜಾಗ ಇರಬೇಕು. ಓದಿದರೆ ನನಗೇ ಆಕಳಿಕೆ ಬರುತ್ತದೆ. ಹುಡುಗರು ಬಾಯಿಪಾಠ ಮಾಡಿ ಬರೆದು ಮರೆಯುತ್ತಾರೆ, ಅಷ್ಟೆ. ನೀವಾದರೆ ಹೇಗೆ ಕಲಿಸುತ್ತೀರಿ?

ಜಗಲಿಕಟ್ಟೆ

ನಾನು ಕಂಪ್ಯೂಟರಿನವನಲ್ಲ ಮೇಷ್ಟ್ರೇ. ಸಾಗರದ ಕಡೆ ಮನೆ ಪ್ಲಾನ್ ಬರೆದು ಕಟ್ಟಿಸುವವನು. ಆದರೆ ಈ ಮಾತು ಹುಟ್ಟಿದ್ದು ನಮ್ಮ ಕಸುಬಿನಲ್ಲೇ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಮೇಸ್ ಆರ್ಕಿಟೆಕ್ಟ್. ಒಂಬತ್ತನೇ ವಯಸ್ಸಿಗೆ ಪೋಲಿಯೊ ಆಗಿ ಗಾಲಿಕುರ್ಚಿ ಹಿಡಿದವರು. ಕಾಲೇಜಿನಲ್ಲಿ ಅವರನ್ನು ಮೆಟ್ಟಿಲ ಮೇಲೆ ಹೊತ್ತುಕೊಂಡು ಹೋಗಬೇಕಾಗುತ್ತಿತ್ತು. ಮುಂದೆ ಅದೇ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಈ ಕೆಲಸಕ್ಕೇ ಒಂದು ಕೇಂದ್ರ ಕಟ್ಟಿದರು.

ಹುಡುಗರಿಗೆ ಅಮೆರಿಕದ ಫುಟ್‌ಪಾತ್ ಇಳಿಜಾರಿನ ಕತೆ (ಗಾಲಿಕುರ್ಚಿಗೆ ಅಂತ ಮಾಡಿದ್ದು ಎಲ್ಲರಿಗೂ ಅನುಕೂಲವಾದದ್ದು) ಹೇಳುವ ಮುಂಚೆ ನಮ್ಮ ಅಡಿಕೆ ಸುಲಿಯುವ ಮೆಟ್ಟುಗತ್ತಿ ಕತೆ ಹೇಳಿ. ಸುಗ್ಗಿಯಲ್ಲಿ ಅಡಿಕೆ ಸುಲಿಯುವಾಗ ಎಲ್ಲರೂ ನೆಲಕ್ಕೆ ಕೂತು, ಮಣೆಯ ಮೇಲೆ ಕಾಲಿಟ್ಟು ಸುಲಿಯಬೇಕು. ನಮ್ಮ ದೊಡ್ಡಮ್ಮನಿಗೆ ಮಂಡಿ ಹಿಡಿದು ಕೆಳಗೆ ಕೂರುವುದು ನಿಂತಿತು. ಸುಲಿಯುವುದರಲ್ಲಿ ಅವರನ್ನು ಮೀರಿಸುವವರು ಕೇರಿಯಲ್ಲೇ ಇರಲಿಲ್ಲ. ಬಡಗಿಯನ್ನು ಕರೆಸಿ ಒಂದು ಉದ್ದ ಬೆಂಚು ಮಾಡಿಸಿ, ಅದರ ತುದಿಗೆ ಕತ್ತಿ ಕೂರಿಸಿದೆವು. ಮೊದಲ ರಾತ್ರಿ ಅವರೊಬ್ಬರೇ ಅದರ ಮೇಲೆ. ಉಳಿದವರು ನಕ್ಕರು. ಮೂರನೇ ರಾತ್ರಿ ಬೆಂಚಿಗೆ ಜಗಳ. ಎಲ್ಲರಿಗೂ ಸೊಂಟ ನೋಯುತ್ತಿತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ. ಮುಂದಿನ ವರ್ಷ ನಾಲ್ಕು ಬೆಂಚಾಯಿತು.

ಇನ್ನೊಂದು ಸಿಗಂದೂರು ಲಾಂಚು. 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ನಾವೆಲ್ಲ ಅದರಲ್ಲೇ ಶರಾವತಿ ಹಿನ್ನೀರು ದಾಟಿದ್ದು. ಬಸ್ಸಿಗೂ ಜೀಪಿಗೂ ಕೋಲು ಹಿಡಿದ ಅಜ್ಜನಿಗೂ ಒಂದೇ ಹಲಗೆ, ಒಂದೇ ಇಳಿಜಾರು. ಯಾರನ್ನೂ 'ನೀವು ಹಿಂದಿನ ಬಾಗಿಲಿಂದ ಬನ್ನಿ' ಅನ್ನುತ್ತಿರಲಿಲ್ಲ. ಹಾಗಂತ ಅದು ಅಂಗವಿಕಲರಿಗೆ ಅನುಕೂಲವಾಗಿತ್ತು ಅಂತ ನಾನು ಹೇಳಲಾರೆ. ಮಳೆಗಾಲದಲ್ಲಿ ಆ ದಡದ ಕೆಸರು ನೋಡಿದವರಿಗೆ ಗೊತ್ತು.

ಖಾರ ಮಂಡಕ್ಕಿ

ನಾನೂ ಮೇಷ್ಟ್ರೇ, ಬೇರೆ ಕಾಲೇಜು. ಸ್ವಲ್ಪ ಕಹಿ ಮಾತಾಡುತ್ತೇನೆ, ಬೇಜಾರು ಬೇಡ. ನಮ್ಮ ಹುಡುಗರಿಗೆ ಲೂಪ್ ಬರೆಯಲು ಬರುವುದಿಲ್ಲ. ಸಿಲೆಬಸ್ ಮುಗಿಯುವುದಿಲ್ಲ. ಇದರ ಮಧ್ಯೆ ಮೆಟ್ಟುಗತ್ತಿ, ಲಾಂಚು! ಇದು ಡಿಸೈನ್ ಓದುವವರ ಕೆಲಸ ಅಲ್ವಾ? ನಮ್ಮಲ್ಲಿ ಮೊದಲ ವರ್ಷದಲ್ಲೇ ಡಿಸೈನ್ ಥಿಂಕಿಂಗ್ ಅಂತ ಒಂದು ಪೇಪರ್ ಇತ್ತು. ಬಣ್ಣದ ಚೀಟಿ ಗೋಡೆಗೆ ಅಂಟಿಸಿ, ಫೋಟೊ ತೆಗೆಸಿಕೊಂಡು ಮುಗಿಸಿದರು.

ತೀರ್ಥಹಳ್ಳಿ ಟು ಬೆಂಗಳೂರು

ಬಣ್ಣದ ಚೀಟಿ ಬಗ್ಗೆ ನಿಮ್ಮ ಮಾತು ನೂರಕ್ಕೆ ನೂರು ಒಪ್ಪಿದೆ. ಆದರೆ 'ಡಿಸೈನ್ ಓದುವವರ ಕೆಲಸ' ಅನ್ನುವುದನ್ನು ಒಪ್ಪಲಾರೆ. ನಾನು ಎಂಟು ವರ್ಷದಿಂದ ಫ್ರಂಟ್ ಎಂಡ್ ಕೆಲಸ, ಅಂದರೆ ವೆಬ್ ಪುಟದಲ್ಲಿ ಬಳಸುವವರಿಗೆ ಕಾಣುವ ಭಾಗದ ಕೋಡ್ ಬರೆಯುವ ಕೆಲಸ ಮಾಡುತ್ತಿದ್ದೇನೆ. ಬಟನ್ ಬೇಕಿರುವ ಕಡೆ ಡಿವ್ (ಬರೀ ಡಬ್ಬಿಯಂಥ ಎಚ್‌ಟಿಎಂಎಲ್ ಟ್ಯಾಗ್) ಹಾಕಿ ಆನ್‌ಕ್ಲಿಕ್ ಬರೆಯುವವನು ಡಿಸೈನರ್ ಅಲ್ಲ, ನಾನೇ. ಡಿಸೈನರ್ ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದರೆ ನಿಜವಾದ ಬಟನ್‌ಗೆ ಟ್ಯಾಬ್ ಒತ್ತಿದರೆ ಫೋಕಸ್ ಬರುತ್ತದೆ, ಎಂಟರ್‌ಗೂ ಸ್ಪೇಸ್‌ಗೂ ಓಗೊಡುತ್ತದೆ, ಪರದೆಯನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ 'ನಾನು ಬಟನ್' ಅಂತ ಹೇಳಿಕೊಳ್ಳುತ್ತದೆ. ಡಿವ್ ಇದ್ಯಾವುದನ್ನೂ ಮಾಡುವುದಿಲ್ಲ. ಹೊರಗಿನಿಂದ ಅರಿಯಾ (ಸ್ಕ್ರೀನ್ ರೀಡರ್‌ಗೆ 'ಇದು ಇಂಥದ್ದು' ಅಂತ ಹೇಳುವ ಗುರುತು) ಅಂಟಿಸಿ ಸರಿ ಮಾಡಬಹುದು ಅಂತಾರೆ. ಆದರೆ ಅರಿಯಾದ ಮೊದಲ ನಿಯಮವೇ, ಎಚ್‌ಟಿಎಂಎಲ್‌ನಲ್ಲಿ ಆ ವಸ್ತು ಇದ್ದರೆ ಅದನ್ನೇ ಬಳಸಿ ಅಂತ.

ಸಿಲೆಬಸ್ ವಿಷಯ: ಕಂಪ್ಯೂಟರ್ ಕ್ಷೇತ್ರದ ಸಂಘಗಳಾದ ಎಸಿಎಂ, ಐಟ್ರಿಪಲ್‌ಇ ಕಂಪ್ಯೂಟರ್ ಸೊಸೈಟಿ, ಎಎಎಐ ಮೂರೂ ಸೇರಿ ಮಾಡಿದ ಸಿಎಸ್2023 ಪಠ್ಯಕ್ರಮದಲ್ಲಿ ಅಕ್ಸೆಸಿಬಿಲಿಟಿ (ಅಂಗವಿಕಲರಿಗೂ ಎಟುಕುವಂತೆ ಮಾಡುವುದು) ಮತ್ತು ಎಲ್ಲರನ್ನೂ ಒಳಗೊಳ್ಳುವ ವಿನ್ಯಾಸ ಒಂದು ಪ್ರತ್ಯೇಕ ಘಟಕ. ಅಂದರೆ ಇದು ಸಿಎಸ್‌ನದ್ದೇ ಪಾಠ. ಕೆಲಸದ ಮಾತು ಬೇಕಿದ್ದರೆ, ಯುರೋಪಿನ ಅಕ್ಸೆಸಿಬಿಲಿಟಿ ಕಾಯ್ದೆ 2025ರ ಜೂನ್ 28ರಿಂದ ಜಾರಿಯಲ್ಲಿದೆ. ಅಲ್ಲಿನ ಗ್ರಾಹಕರಿಗೆ ಕೆಲಸ ಮಾಡುವ ನಮ್ಮ ಟೀಮ್‌ಗಳಲ್ಲಿ ಈಗ ಓಡಾಟವೋ ಓಡಾಟ. ಮುಗಿದ ಸಾಫ್ಟ್‌ವೇರಿಗೆ ಇದನ್ನೆಲ್ಲ ಕೂರಿಸುವುದು, ಸ್ಲ್ಯಾಬ್ ಹಾಕಿದ ಮೇಲೆ ಪೈಪ್ ಎಳೆದ ಹಾಗೆ. ಜಗಲಿಕಟ್ಟೆಯವರಿಗೆ ಗೊತ್ತಿರುತ್ತದೆ.

ಜಗಲಿಕಟ್ಟೆ

ಗೊತ್ತು ಗೊತ್ತು. ಆ ಸ್ಲ್ಯಾಬ್ ಸೋರುತ್ತದೆ.

ಏಳನೇ ಸೆಮ್

ನಾನು ಸ್ಟೂಡೆಂಟ್. ನಿಜ ಹೇಳಲಾ? ಮಾರ್ಕ್ಸ್ ಇದ್ದರೆ ಮಾಡುತ್ತೇವೆ, ಇಲ್ಲದಿದ್ದರೆ ಇಲ್ಲ. ನಮ್ಮಲ್ಲಿ ಇದನ್ನು ಕೊನೆಯ ಮಾಡ್ಯೂಲಿನ ಕೊನೆಯ ಟಾಪಿಕ್ ಆಗಿ ಮುಗಿಸಿದರು. ಹದಿನೈದು ನಿಮಿಷ. 'ಓದಿಕೊಳ್ಳಿ' ಅಂದರು.

ಆದರೆ ನಮ್ಮೂರು ಹೊಸನಗರದ ಹತ್ತಿರ. ಅಲ್ಲಿ ಸಿಗ್ನಲ್ ಬೇಕಿದ್ದರೆ ಗುಡ್ಡ ಹತ್ತಬೇಕು. ಹೋದ ಮಳೆಗಾಲ ಒಂದು ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿದ್ದೆ. ನಲವತ್ತು ಚಿಲ್ಲರೆ ಕಾಲಂ. ಮೂವತ್ತೈದನೆಯದಕ್ಕೆ ಬಂದಾಗ ಕರೆಂಟ್ ಹೋಯಿತು, ಟವರ್ ಸತ್ತಿತು. ಮತ್ತೆ ಬಂದಾಗ ಎಲ್ಲಾ ಖಾಲಿ. ಎರಡನೇ ಸಲ 'ಸೆಷನ್ ಎಕ್ಸ್‌ಪೈರ್ಡ್' ಅಂತು. ಮೂರನೇ ಸಲ ಲಾಸ್ಟ್ ನೇಮ್ ಕಡ್ಡಾಯ ಅಂತು. ನನಗೆ ಲಾಸ್ಟ್ ನೇಮ್ ಇಲ್ಲ, ಇನಿಷಿಯಲ್ ಇದೆ. ಒಂದಕ್ಷರ ಸಾಲುವುದಿಲ್ಲ ಅಂತು. ಮನೆ ನಂಬರ್, ಬೀದಿ ಹೆಸರೂ ಕಡ್ಡಾಯ. ತೋಟದ ಮನೆಗೆ ಬೀದಿ ಎಲ್ಲಿಂದ ತರಲಿ? ಸುಮ್ನೆ 'ಮೇನ್ ರೋಡ್' ಅಂತ ಬರೆದೆ. ನಮ್ಮನೆಯಿಂದ ಮೇನ್ ರೋಡಿಗೆ ಮೂರು ಕಿಲೋಮೀಟರ್.

ಇದೂ ಯೂನಿವರ್ಸಲ್ ಡಿಸೈನಾ?

ಸವಳಂಗ ರಸ್ತೆ ಮೇಷ್ಟ್ರು

ಇದೇ ಕಣಪ್ಪ! ನೀನು ಹೇಳಿದ್ದು ಐದನೇ ತತ್ವ, ತಪ್ಪನ್ನು ತಡೆದುಕೊಳ್ಳುವುದು. ನನ್ನ ಸ್ಲೈಡಿನಲ್ಲಿ ಅದಕ್ಕೆ ವಿಮಾನದ ಉದಾಹರಣೆ ಇತ್ತು. ಈಗಲೇ ಅಳಿಸುತ್ತೇನೆ. ಮೊದಲ ಲ್ಯಾಬ್ ಇದೇ ಆಗಲಿ: ಒಂದು ಅರ್ಜಿ ನಮೂನೆ ಬರೆಯಿರಿ, ಮಧ್ಯದಲ್ಲಿ ನಾನು ಬಂದು ನೆಟ್ ಕೇಬಲ್ ಕೀಳುತ್ತೇನೆ. ಮರಳಿ ಹಾಕಿದಾಗ ತುಂಬಿದ್ದು ಉಳಿದಿರಬೇಕು. ಬರೆದದ್ದನ್ನು ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿ ಆಗಾಗ ಇಡಲು ಹತ್ತು ಸಾಲು ಕೋಡ್ ಸಾಕು. ಬ್ಯಾಂಕ್ ಖಾತೆ ನಂಬರ್ ಥರದ್ದನ್ನು ಮಾತ್ರ ಅಲ್ಲಿ ಇಡಬಾರದು. ಸೈಬರ್ ಸೆಂಟರಿನಲ್ಲಿ ಕೂತು ತುಂಬುವವರಿದ್ದಾರೆ.

ತೀರ್ಥಹಳ್ಳಿ ಟು ಬೆಂಗಳೂರು

ಕೇಬಲ್ ಕೀಳುವ ಐಡಿಯಾ ಸೂಪರ್. ಅದರ ಜೊತೆ ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡುವ ಆಯ್ಕೆ ಇದೆ, ತೋರಿಸಿ. ಬಣ್ಣ ಗುರುತಿಸದವರಿಗೆ ಪುಟ ಹೇಗೆ ಕಾಣುತ್ತದೆ ಅಂತ ಕ್ರೋಮ್‌ನಲ್ಲೇ ನೋಡಬಹುದು. ಅಡಿಕೆ ಆ್ಯಪ್ ಮಾಡಿದ ಹುಡುಗರಿಗೆ ಮೊದಲು ಅದನ್ನು ತೋರಿಸಿ. ರಿಪೇರಿ ತುಂಬಾ ಸುಲಭ. ಬಣ್ಣ ತೆಗೆಯಬೇಕಿಲ್ಲ. ಪಕ್ಕಕ್ಕೆ ಬಾಣದ ಗುರುತು, 'ಏರಿಕೆ 300' ಅಂತ ಮಾತು ಸೇರಿಸಿದರೆ ಆಯಿತು. ಬಿಸಿಲಿನಲ್ಲಿ ಅಡಿಕೆ ಮಂಡಿ ಮುಂದೆ ನಿಂತು ಮೊಬೈಲ್ ನೋಡುವವನಿಗೂ ಅದೇ ಬೇಕು.

ಕೇಳಿ ಓದುವವಳು

ಎರಡು ದಿನದಿಂದ ಓದುತ್ತಿದ್ದೇನೆ. ಅಂದರೆ ಕೇಳುತ್ತಿದ್ದೇನೆ. ನನಗೆ ಹತ್ತನೇ ವಯಸ್ಸಿಗೆ ದೃಷ್ಟಿ ಹೋಯಿತು. ಸಾಗರ ತಾಲ್ಲೂಕಿನವಳು, ಈಗ ಶಿವಮೊಗ್ಗದಲ್ಲಿ ಕೆಲಸ. ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಅನ್ನುವ ಸ್ಕ್ರೀನ್ ರೀಡರ್ ಬಳಸುತ್ತೇನೆ.

ಒಂದು ಸಣ್ಣ ತಕರಾರಿದೆ. ಈ ಚರ್ಚೆ ಮೆಟ್ಟುಗತ್ತಿಯಿಂದ ಶುರುವಾಗಿ ಕರೆಂಟು, ಟವರು, ಇನಿಷಿಯಲ್ಲು ಅಂತ ಬೆಳೆಯಿತು. ಎಲ್ಲ ಸರಿ. ಆದರೆ ಇಷ್ಟು ಉದ್ದದ ಚರ್ಚೆಯಲ್ಲಿ ಕುರುಡರು, ಕಿವುಡರು, ಕೈ ಅಲ್ಲಾಡಿಸಲಾಗದವರು ಒಂದೆರಡು ಸಾಲಿನಲ್ಲಿ ಬಂದು ಹೋದರು. 'ಎಲ್ಲರಿಗೂ ಒಳ್ಳೆಯದು' ಅಂತ ಹೇಳಿ ಹೇಳಿ, ಕೊನೆಗೆ ಯಾರಿಗಾಗಿ ಬೆಂಚು ಮಾಡಿಸಿದ್ದೋ ಆ ದೊಡ್ಡಮ್ಮನಿಗೇ ಜಾಗ ಇಲ್ಲದ ಹಾಗೆ ಆಗಬಾರದು. ನೆಟ್ ಬಂದ ಮೇಲೆ ಆ ಹುಡುಗ ಅರ್ಜಿ ಹಾಕಬಲ್ಲ. ನನಗೆ ನೆಟ್ ಎಷ್ಟೇ ಜೋರಿದ್ದರೂ, 'ಚಿತ್ರದಲ್ಲಿರುವ ಅಕ್ಷರಗಳನ್ನು ಬರೆಯಿರಿ' ಅನ್ನುವ ಕ್ಯಾಪ್ಚಾ ಬಂದರೆ ಅಲ್ಲಿಗೆ ಮುಗಿಯಿತು. ಪಕ್ಕದ ಟೇಬಲಿನವರನ್ನು ಕರೆಯಬೇಕು. ಅವರು ನನ್ನ ಅರ್ಜಿಯನ್ನೂ ಓದುತ್ತಾರೆ.

ಮೇಷ್ಟ್ರೇ, ಇನ್ನೊಂದು ಮಾತು. ಕಣ್ಣಿಗೆ ಬಟ್ಟೆ ಕಟ್ಟಿ ಕಂಪ್ಯೂಟರ್ ಮುಂದೆ ಕೂರಿಸುವ ಆಟ ಇಟ್ಟುಕೊಳ್ಳಬೇಡಿ. ಒಂದು ಕಾಲೇಜಿನಲ್ಲಿ ಮಾಡಿದ್ದರು, ನನ್ನನ್ನು ಅತಿಥಿಯಾಗಿ ಕರೆದಿದ್ದರು. ಹತ್ತು ನಿಮಿಷ ತಡಕಾಡಿ ಬಟ್ಟೆ ಬಿಚ್ಚಿದ ಹುಡುಗಿಯೊಬ್ಬಳು ಅತ್ತಳು. 'ಮೇಡಂ, ನೀವು ಹೇಗೆ ಬದುಕುತ್ತೀರಿ' ಅಂದಳು. ನಾನು ಚೆನ್ನಾಗಿಯೇ ಬದುಕುತ್ತಿದ್ದೇನಮ್ಮ, ನಿನ್ನ ವೆಬ್‌ಸೈಟ್ ಒಂದನ್ನು ಬಿಟ್ಟು! ಹತ್ತು ನಿಮಿಷಕ್ಕೆ ಕುರುಡಿನ ಗಾಬರಿ ತಿಳಿಯುತ್ತದೆ. ಇಪ್ಪತ್ತು ವರ್ಷ ಸ್ಕ್ರೀನ್ ರೀಡರ್ ಬಳಸಿದವರು ಹೇಗೆ ಓಡಿಸುತ್ತಾರೆ ಅಂತ ತಿಳಿಯುವುದಿಲ್ಲ. ನಾನು ಕೇಳುವ ವೇಗ ನಿಮಗೆ ಅರ್ಥವೇ ಆಗುವುದಿಲ್ಲ, ಕಡಲೆ ಹುರಿದ ಹಾಗೆ ಇರುತ್ತದೆ. ಪುಟ ಪೂರ್ತಿ ಕೇಳುತ್ತಾ ಕೂರುವುದಿಲ್ಲ ನಾವು. ಎಚ್ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತೇವೆ. ಶೀರ್ಷಿಕೆ ಅಂತ ಗುರುತಿಸದೆ ಬರೀ ದಪ್ಪ ಅಕ್ಷರ ಮಾಡಿದ್ದರೆ ಹಾರುವುದಕ್ಕೆ ಏನೂ ಇರುವುದಿಲ್ಲ.

ಸವಳಂಗ ರಸ್ತೆ ಮೇಷ್ಟ್ರು

ಮೇಡಂ, ನಿಜ ಹೇಳಬೇಕೆಂದರೆ ಮೂರನೇ ಲ್ಯಾಬಿಗೆ ಬಟ್ಟೆ ಕಟ್ಟುವ ಆಟವನ್ನೇ ಬರೆದಿಟ್ಟಿದ್ದೆ. ತೆಗೆದೆ. ನೀವು ಒಂದು ದಿನ ಬರಬಹುದೇ? ಭಾಷಣಕ್ಕೆ ಬೇಡ. ಹುಡುಗರು ಮಾಡಿದ ಪುಟವನ್ನು ನೀವು ಬಳಸುವುದನ್ನು ಅವರು ಸುಮ್ಮನೆ ಕೂತು ನೋಡಲಿ.

ಕೇಳಿ ಓದುವವಳು

ಬರುತ್ತೇನೆ. ಶಾಲು, ಹಾರ ಬೇಡ. ಅರ್ಧ ದಿನದ ಸಂಬಳ ಕೊಡಿ. ಪರೀಕ್ಷೆ ಮಾಡಿಕೊಡುವುದೂ ಕೆಲಸವೇ ಅಲ್ವಾ?

ಖಾರ ಮಂಡಕ್ಕಿ

ಮೇಡಂ ಮಾತು ಕೇಳಿ ಸ್ವಲ್ಪ ಮೆತ್ತಗಾದೆ, ಒಪ್ಪಿಕೊಳ್ಳುತ್ತೇನೆ. ಆದರೂ ಒಂದು ಪ್ರಶ್ನೆ. ಇದನ್ನು ಕಾನೂನು ಅಂತ ಕಲಿಸಬೇಕಾ, ಕರುಣೆ ಅಂತಲಾ, ಕೋಡಿಂಗ್ ಅಂತಲಾ? ಮೂರನ್ನೂ ಕಲಸಿದರೆ ಹುಡುಗರಿಗೆ ಯಾವುದೂ ಹತ್ತುವುದಿಲ್ಲ.

ತೀರ್ಥಹಳ್ಳಿ ಟು ಬೆಂಗಳೂರು

ಕೋಡಿಂಗ್ ಅಂತ ಕಲಿಸಿ. ಕಾನೂನು ಒಂದು ಅರ್ಧ ಗಂಟೆ ಸಾಕು, ಆದರೆ ಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 'ಯೂನಿವರ್ಸಲ್ ಡಿಸೈನ್' ಅನ್ನುವ ಮಾತಿಗೆ ಅರ್ಥವನ್ನೇ ಬರೆದಿದ್ದಾರೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, ಇದರಲ್ಲಿ 21. ಸಾಫ್ಟ್‌ವೇರಿಗೆ ನಮ್ಮದೇ ಮಾನದಂಡ ಇದೆ, ಐಎಸ್ 17802. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಓದಿಸಿ. ಆ್ಯಸಿಡ್ ದಾಳಿಗೆ ಸಿಕ್ಕವರಿಗೆ ಇ-ಕೆವೈಸಿಯಲ್ಲಿ (ಆನ್‌ಲೈನಿನಲ್ಲೇ ಗುರುತು ಖಾತ್ರಿ ಮಾಡುವುದು) 'ಕಣ್ಣು ಮಿಟುಕಿಸಿ' ಅಂದರೆ ಆಗುವುದಿಲ್ಲ. ಮಿಟುಕಿಸದಿದ್ದರೆ ಸಾಫ್ಟ್‌ವೇರ್ 'ನೀವು ಜೀವಂತ ಇಲ್ಲ' ಅನ್ನುತ್ತಿತ್ತು. ಡಿಜಿಟಲ್ ಸೇವೆ ಎಟುಕುವುದು 21ನೇ ವಿಧಿಯ ಬದುಕಿನ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು. ಆ 'ಮಿಟುಕಿಸಿ' ಅನ್ನುವ ಸಾಲನ್ನು ಬರೆದವನೂ ಯಾವುದೋ ಸಿಎಸ್ ಓದಿದವನೇ. ಅವನಿಗೆ ಯಾರೂ ಕೇಳಿರಲಿಲ್ಲ, 'ಮಿಟುಕಿಸಲಾಗದವರು ಏನು ಮಾಡಬೇಕು?' ಅಂತ.

ಜಗಲಿಕಟ್ಟೆ

ನಮ್ಮ ದೇಶದ್ದೇ ಇನ್ನೊಂದು ಪಟ್ಟಿ ಇದೆ. ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ 2011ರಲ್ಲಿ ಮಾಡಿದ್ದು. ಐದು 'ಸ': ಸಮಾನ, ಸಹಜ, ಸಾಂಸ್ಕೃತಿಕ, ಸಸ್ತಾ, ಸುಂದರ. ಅಮೆರಿಕದ ಏಳರಲ್ಲಿ ದುಡ್ಡಿನ ಮಾತಿಲ್ಲ. ಇದರಲ್ಲಿ 'ಸಸ್ತಾ' ಇದೆ, ಅಂದರೆ ಅಗ್ಗ. ಬೆಂಚು ಮಾಡಿಸಿದ ಬಡಗಿಗೆ ಇದು ಬೇಗ ಅರ್ಥವಾಗುತ್ತದೆ.

ಕೇಳಿ ಓದುವವಳು

ಸಸ್ತಾ ಅನ್ನುವುದು ದೊಡ್ಡ ವಿಷಯ. ಎನ್‌ವಿಡಿಎಗೆ ದುಡ್ಡು ಕೊಡಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ದೃಷ್ಟಿ ಇಲ್ಲದ ಹುಡುಗನೊಬ್ಬ ಶುರು ಮಾಡಿದ್ದು, ಕೋಡ್ ಎಲ್ಲರಿಗೂ ತೆರೆದಿದೆ. ಅದರೊಳಗೆ ದನಿ ಕೊಡುವ ಇಸ್ಪೀಕ್ ಕನ್ನಡ ಓದುತ್ತದೆ. ದನಿ ಯಂತ್ರದ ಥರ ಇದೆ, ಅಭ್ಯಾಸ ಆಗುತ್ತದೆ. ನಿಮ್ಮ ಲ್ಯಾಬಿನ ಎಲ್ಲಾ ವಿಂಡೋಸ್ ಕಂಪ್ಯೂಟರಿಗೂ ಹಾಕಿಸಿ.

ಇನ್ನು ಕನ್ನಡದ ಗೋಳು. ಸುತ್ತೋಲೆ, ನೋಟಿಸು ಅಂತ ಬರುವ ಪಿಡಿಎಫ್‌ಗಳಲ್ಲಿ ಅರ್ಧ ಸ್ಕ್ಯಾನ್ ಮಾಡಿದ ಚಿತ್ರ. ಇನ್ನರ್ಧ ಹಳೆಯ ನುಡಿ ಫಾಂಟಿನದು, ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿರುವ ಸಮಾನ ಸಂಕೇತ ಪಟ್ಟಿ) ಅಲ್ಲದ್ದು. ಕಣ್ಣಿಗೆ ಅದು ಚೆಂದದ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ನನ್ನ ಕಂಪ್ಯೂಟರ್ ಇದ್ದುದನ್ನು ಇದ್ದ ಹಾಗೇ ಓದುತ್ತದೆ. ಭೂತ ಬಂದವರ ಹಾಗೆ ಕೇಳುತ್ತದೆ. ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿ ಮೂವತ್ತು ವರ್ಷ ದಾಟಿತು. ನಿಮ್ಮ ಹುಡುಗರಿಗೆ ಇದನ್ನು ಒಂದು ಸಲ ಕೇಳಿಸಿ, ಸಾಕು.

ಸವಳಂಗ ರಸ್ತೆ ಮೇಷ್ಟ್ರು

ಇದರಿಂದ ನನಗೊಂದು ಒಳ್ಳೆಯ ಪ್ರೋಗ್ರಾಮಿಂಗ್ ಲೆಕ್ಕವೇ ಸಿಕ್ಕಿತು. 'ಸ್ತ್ರೀ' ಅಂತ ಬರೆದು ಅದರ ಉದ್ದ ಎಷ್ಟು ಅಂತ ಕಂಪ್ಯೂಟರನ್ನು ಕೇಳಿ. ಕಣ್ಣಿಗೆ ಒಂದಕ್ಷರ. ಯಂತ್ರಕ್ಕೆ ಆರು: ಸ, ವಿರಾಮ (ಒತ್ತಕ್ಷರ ಕೂಡಿಸುವ ಗುರುತು), ತ, ವಿರಾಮ, ರ, ಈ ಕಾರ. 'ಹೆಸರು ಹತ್ತು ಅಕ್ಷರ ಮೀರಬಾರದು' ಅಂತ ಬರೆದ ಕೋಡ್ ನಮ್ಮವರ ಹೆಸರನ್ನು ಮಧ್ಯಕ್ಕೆ ಕತ್ತರಿಸುತ್ತದೆ, ತುದಿಯಲ್ಲಿ ಒಂಟಿ ಒತ್ತು ನೇತಾಡುತ್ತದೆ. ಸಾಲಿನ ಎತ್ತರ ಇಂಗ್ಲಿಷಿಗೆ ಅಳೆದಿಟ್ಟರೆ ಒತ್ತಿನ ಮೇಲೆ ಒತ್ತು ಬಂದಾಗ ಕೆಳಗಿನ ಸಾಲಿಗೆ ತಾಗುತ್ತದೆ. ಖಾರ ಮಂಡಕ್ಕಿಯವರೇ, ಇದು ಲೂಪ್ ಬರೆಯುವ ಪಾಠವೂ ಹೌದು. ಒಪ್ಪುತ್ತೀರಾ?

ಖಾರ ಮಂಡಕ್ಕಿ

ಇದನ್ನು ನಾನೇ ಕದಿಯುತ್ತೇನೆ. ನಾಳೆಯೇ ಕ್ಲಾಸಿದೆ.

ಸವಳಂಗ ರಸ್ತೆ ಮೇಷ್ಟ್ರು

ಏಳು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಆರು ಲ್ಯಾಬ್ ಮುಗಿಯಿತು. ಅಂದುಕೊಂಡ ಹಾಗೆ ಎಲ್ಲಾ ಆಗಲಿಲ್ಲ.

ಮಾರ್ಕ್ಸ್ ವಿಷಯ ಮೊದಲು. ಶುರುವಿನಲ್ಲಿ 'ಅಕ್ಸೆಸಿಬಿಲಿಟಿಗೆ 10' ಅಂತ ಬೇರೆ ಕಾಲಂ ಹಾಕಿದ್ದೆ. ಎರಡನೇ ವಾರಕ್ಕೇ ಹುಡುಗರ ಲೆಕ್ಕಾಚಾರ ಗೊತ್ತಾಯಿತು. ಆ ಹತ್ತು ಬಿಟ್ಟರೂ ನಲವತ್ತು ಬರುತ್ತದೆ, ಸಾಕು! ಮೂರನೇ ವಾರ ಆ ಕಾಲಂ ಹೊಡೆದು ಹಾಕಿದೆ. ಬದಲಿಗೆ ಒಂದೇ ನಿಯಮ: ಮೌಸ್ ಇಲ್ಲದೆ ಪೂರ್ತಿ ಕೆಲಸ ಆಗದಿದ್ದರೆ ಆ ಪ್ರೋಗ್ರಾಂ ಓಡಲಿಲ್ಲ ಅಂತಲೇ ಅರ್ಥ. ಸೆಮಿಕೋಲನ್ ಮರೆತು ಕಂಪೈಲ್ ಆಗದಿದ್ದರೆ 'ಪಾಪ, ಉಳಿದದ್ದು ಚೆನ್ನಾಗಿದೆ' ಅಂತ ನಾವು ಮಾರ್ಕ್ಸ್ ಕೊಡುತ್ತೇವಾ? ಹಾಗೇ ಇದೂ. ಗಲಾಟೆ ಆಯಿತು. ಎಚ್‌ಒಡಿ ತನಕ ಹೋಯಿತು. ಆದರೆ ಮುಂದಿನ ವಾರ ಲ್ಯಾಬಿಗೆ ಬಂದಾಗ ನೋಡುತ್ತೇನೆ, ಎಲ್ಲರೂ ಮೌಸ್ ತಿರುವಿ ಹಾಕಿ ಟ್ಯಾಬ್ ಒತ್ತುತ್ತಿದ್ದಾರೆ. ಒಬ್ಬನಿಗೆ ಫೋಕಸ್ ಎಲ್ಲಿದೆ ಅಂತಲೇ ಕಾಣುತ್ತಿಲ್ಲ. ಯಾಕೆಂದರೆ ಆ ನೀಲಿ ಗೆರೆ 'ಚೆಂದ ಕಾಣಲ್ಲ' ಅಂತ ಅವನೇ ಸಿಎಸ್‌ಎಸ್‌ನಲ್ಲಿ (ಪುಟದ ಅಂದ ಹೊಂದಿಸುವ ಕೋಡ್) ತೆಗೆದಿದ್ದ.

ಮೇಡಂ ಬಂದ ದಿನದ್ದು ಬೇರೆಯೇ. ಒಬ್ಬ ಹುಡುಗ ತುಂಬಾ ಜಂಬದಲ್ಲಿದ್ದ, ಅವನ ಪುಟಕ್ಕೆ ಲೈಟ್‌ಹೌಸ್‌ನಲ್ಲಿ (ಪುಟವನ್ನು ತಾನೇ ತಪಾಸಣೆ ಮಾಡಿ ಅಂಕ ಕೊಡುವ ಸಾಧನ) ಅಕ್ಸೆಸಿಬಿಲಿಟಿಗೆ 100ಕ್ಕೆ 100 ಬಂದಿತ್ತು. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಪುಟ ಅದು. ಮೇಡಂ ತೆರೆದರು. ಸ್ಪೀಕರಿನಲ್ಲಿ ಬಂತು: 'ಚಿತ್ರ 1. ಚಿತ್ರ 2. ಚಿತ್ರ 3. ಬಟನ್ 1.' ಅಷ್ಟೆ. ರೋಗ ಹೇಗಿರುತ್ತದೆ ಅನ್ನುವುದು ಪೂರ್ತಿ ಆ ಮೂರು ಫೋಟೊಗಳಲ್ಲಿತ್ತು. ಚಿತ್ರಕ್ಕೆ ವಿವರಣೆ ಇದೆಯಾ ಅಂತ ಯಂತ್ರ ನೋಡುತ್ತದೆ, ಆ ವಿವರಣೆಗೆ ಅರ್ಥ ಇದೆಯಾ ಅಂತ ಅದಕ್ಕೆ ಗೊತ್ತಿಲ್ಲ. ಹುಡುಗನ ಮುಖ ನೋಡಬೇಕಿತ್ತು. ಮೇಡಂ ಮಾತ್ರ ನಗುತ್ತಿದ್ದರು.

ತೀರ್ಥಹಳ್ಳಿ ಟು ಬೆಂಗಳೂರು

ಮಾರ್ಕ್ಸ್ ಕಾಲಂ ಹೊಡೆದು ಹಾಕಿದ್ದು ಸರಿಯಾಯಿತು. ನಮ್ಮ ಕಂಪನಿಯಲ್ಲಿ ಇವತ್ತಿಗೂ ಇದು 'ಬೇರೆ ಕಾಲಂ'. ಅದಕ್ಕೇ ಪ್ರತಿ ರಿಲೀಸಿನಲ್ಲೂ ಮುಂದಕ್ಕೆ ಹೋಗುತ್ತದೆ. ವೆಬ್‌ಏಮ್ ಅನ್ನುವ ಸಂಸ್ಥೆ ಪ್ರತಿ ವರ್ಷ ಹತ್ತು ಲಕ್ಷ ಮುಖಪುಟಗಳನ್ನು ಯಂತ್ರದಿಂದ ತಪಾಸಣೆ ಮಾಡುತ್ತದೆ. 2024ರಲ್ಲಿ 95.9% ಪುಟಗಳಲ್ಲಿ ತಪ್ಪು ಸಿಕ್ಕಿತ್ತು. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಯಾವುದು ಗೊತ್ತಾ? ಮಬ್ಬು ಅಕ್ಷರ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1 ವ್ಯತ್ಯಾಸ ಬೇಕು ಅಂತ ವೆಬ್ ಅಕ್ಸೆಸಿಬಿಲಿಟಿಯ ಮಾರ್ಗಸೂಚಿ ಡಬ್ಲ್ಯುಸಿಎಜಿ 2008ರಿಂದ ಹೇಳುತ್ತಿದೆ. ಬಿಳಿ ಮೇಲೆ ತಿಳಿ ಬೂದು ಬಣ್ಣದಲ್ಲಿ ಬರೆಯುವ ಖಯಾಲಿ ಯಾರಿಂದ ಶುರುವಾಯಿತೋ ಏನೋ.

ಏಳನೇ ಸೆಮ್

ಆ ಎಲೆಚುಕ್ಕಿ ಪುಟ ನನ್ನದೇ. ಜಂಬದ ಹುಡುಗ ನಾನೇ. ಸರ್ ಹೆಸರು ಹೇಳದೆ ಉಳಿಸಿದ್ದಾರೆ, ಥ್ಯಾಂಕ್ಸ್ ಸರ್.

ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಕೂತು ವಿವರಣೆ ಬರೆದೆ. ಮೊದಲು 'ರೋಗ ತಗುಲಿದ ಎಲೆ' ಅಂತ ಬರೆದೆ. ರೂಮ್‌ಮೇಟ್ ದಾವಣಗೆರೆಯವನು, ಅಡಿಕೆ ತೋಟ ಹತ್ತಿರದಿಂದ ನೋಡಿಲ್ಲ. ಅವನಿಗೆ ಫೋಟೊ ತೋರಿಸದೆ ಓದಿ ಹೇಳಿದೆ. 'ಅದರಿಂದ ನಂಗೇನು ಗೊತ್ತಾಯ್ತು?' ಅಂದ. ಮನೆಗೆ ಫೋನ್ ಮಾಡಿ ಅಪ್ಪನನ್ನು ಕೇಳಿದೆ, 'ನೀನು ತೋಟದಲ್ಲಿ ಏನು ನೋಡಿ ಇದು ಎಲೆಚುಕ್ಕಿ ಅಂತೀಯಾ?' ಅವರು ಹೇಳಿದ್ದನ್ನೇ ಬರೆದೆ: 'ಅಡಿಕೆ ಸೋಗೆಯ ಎಲೆ. ಅಲ್ಲಲ್ಲಿ ಸಣ್ಣ ಕಂದು ಚುಕ್ಕಿ. ಪ್ರತಿ ಚುಕ್ಕಿಯ ಸುತ್ತ ಹಳದಿ ಅಂಚು. ತುದಿಯ ಕಡೆ ಚುಕ್ಕಿಗಳು ಒಂದಕ್ಕೊಂದು ಕೂಡಿ ಎಲೆ ಒಣಗಿದೆ.' ಇದು ತುಂಬಾ ಉದ್ದ ಆಯಿತಾ ಮೇಡಂ?

ಜಗಲಿಕಟ್ಟೆ

ಭೇಷ್. ನಮ್ಮ ತೋಟದ್ದೇ ಫೋಟೊ ಅನ್ನಿಸಿತು, ದುರದೃಷ್ಟಕ್ಕೆ.

ಕೇಳಿ ಓದುವವಳು

ಉದ್ದ ಆಗಲಿಲ್ಲ. ಎರಡು ಸಲ ಕೇಳಿದೆ. ನಮ್ಮ ಮನೆಯಲ್ಲೂ ಅಡಿಕೆ ಇದೆ. ಅಣ್ಣ 'ಚುಕ್ಕಿ ಬಂದಿದೆ, ಚುಕ್ಕಿ ಬಂದಿದೆ' ಅಂತ ಎರಡು ವರ್ಷದಿಂದ ಫೋನಿನಲ್ಲಿ ಹೇಳುತ್ತಿದ್ದಾನೆ. ಅದಕ್ಕೆ ಹಳದಿ ಅಂಚು ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಆ ಕೆಳಗಿನ ಬಟನ್ ಇನ್ನೂ ಬರೀ 'ಬಟನ್ 1' ಅಂತಲೇ ಓದುತ್ತಿದೆ. ಅದು ಏನು ಮಾಡುತ್ತದೆ?

ಏಳನೇ ಸೆಮ್

ಅಯ್ಯೋ. ಹುಡುಕುವ ಬಟನ್ ಮೇಡಂ. ಇವತ್ತೇ ಸರಿಯಾದ ಹೆಸರು ಹಾಕುತ್ತೇನೆ.